500 ಮೀಟರಿನ ಟಗರು ಮತ್ತು ನಾನೇ ತುಂಬಿದ ತೋಟಾಗಳು

ಶಾರ್ಪ್ಸ್ 1874 ಮಾದರಿಯನ್ನು ಅನುಸರಿಸಿ ಇಟಲಿಯಲ್ಲಿ ತಯಾರಾದ, ಒಂದು ಸಲಕ್ಕೆ ಒಂದೇ ತೋಟಾ ಹಿಡಿಯುವ ರೈಫಲ್ಲನ್ನು ಕೊಲೊರಾಡೊಗೆ ಬಂದು ನೆಲೆಸಿದ ಮೇಲೆ ಕೊಂಡೆ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡಿ ಬೆಳೆದ ನನಗೆ ಬಂದೂಕು ಹೊಸದಲ್ಲ. ತೋಟಾವನ್ನು ಸ್ವತಃ ತುಂಬುವುದು ಮಾತ್ರ ಹೊಸದಾಗಿತ್ತು.

ನನ್ನ ತೋಟಾ 45-70. ಅಮೆರಿಕದ ಸೇನೆ 1873ರಲ್ಲಿ ಒಪ್ಪಿಕೊಂಡ ಈ ತೋಟಾದ ಹೆಸರಿನಲ್ಲಿ ಮೊದಲ ಅಂಕಿ ಇಂಚಿನ ನೂರನೆಯ ಭಾಗಗಳಲ್ಲಿ ಗುಂಡಿನ ದಪ್ಪವನ್ನೂ ಎರಡನೆಯದು ಕರಿಮದ್ದಿನ ತೂಕವನ್ನು ಗ್ರೇನ್‌ಗಳಲ್ಲಿಯೂ (ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ) ಹೇಳುತ್ತದೆ. ಪ್ರಾಣಿಪಕ್ಷಿಗಳ ಆಕಾರದ ಉಕ್ಕಿನ ಗುರಿಹಲಗೆಗಳನ್ನು ಗುಂಡು ಹೊಡೆದು ಉರುಳಿಸುವ ಸ್ಪರ್ಧೆಯಲ್ಲಿ 200 ಮೀಟರಿನ ಕೋಳಿಯೂ 300 ಮೀಟರಿನ ಹಂದಿಯೂ ನನಗೆ ಬೀಳುತ್ತಿದ್ದವು. 500 ಮೀಟರಿನ ಟಗರಿಗೆ ಹೊಡೆದ ಗುಂಡು ಮಾತ್ರ ಒಮ್ಮೆ ಅದರ ಬೆನ್ನ ಮೇಲಿಂದ ಹಾರಿ, ಇನ್ನೊಮ್ಮೆ ಕಾಲಿನ ಮುಂದಿನ ಧೂಳಿಗೆ ಬೀಳುತ್ತಿತ್ತು. ಎಡಬಲಕ್ಕೆ ಹೆಚ್ಚು ಸರಿಯದೆ ಮೇಲೆ ಕೆಳಗೆ ಮಾತ್ರ ಹರಡಿದರೆ ಗುಂಡಿನ ವೇಗ ಏರುಪೇರಾಗುತ್ತಿದೆ ಎಂದು ಅನುಮಾನಿಸಬೇಕು. ಇದು ಹೊಳೆಯುವುದಕ್ಕೆ ಮುಂಚೆ ಒಂದು ಇಡೀ ಋತು ನಾನು ರೈಫಲ್ಲಿನ ಗುರಿನೋಟದ ತಿರುಪನ್ನು ತಿರುಗಿಸುತ್ತಲೇ ಕಳೆದೆ.

ತಪ್ಪು ಇದ್ದದ್ದು ಮದ್ದು ಸುರಿಯುವ ರೀತಿಯಲ್ಲಿ. ತಕ್ಕಡಿಯಲ್ಲಿ ನಿಖರವಾಗಿ ತೂಗಿದ ಮದ್ದನ್ನು ಆಲಿಕೆಯಿಂದ ಒಮ್ಮೆಲೇ ಸುರಿಯುತ್ತಿದ್ದೆನಾದ್ದರಿಂದ ತೂಕ ಒಂದೇ ಆಗಿದ್ದರೂ ತೋಟಾದ ಒಂದೊಂದು ಹಿತ್ತಾಳೆ ಕೋಶದಲ್ಲಿ ಅದು ಒಂದೊಂದು ಎತ್ತರಕ್ಕೆ ನಿಲ್ಲುತ್ತಿತ್ತು. ಅದರ ಮೇಲೆ ಗುಂಡನ್ನೇ ಒತ್ತಿ ಕೂರಿಸುವಾಗ ಮೆತ್ತನೆಯ ಸೀಸ ವಿಕಾರಗೊಳ್ಳುತ್ತಿತ್ತು. ಈಗ 24 ಇಂಚು ಉದ್ದದ ಹಿತ್ತಾಳೆ ಕೊಳವೆಯ ಮೂಲಕ ಮದ್ದನ್ನು ನಿಧಾನವಾಗಿ ಇಳಿಸಿ, ಮೇಲೆ ರಟ್ಟಿನ ಬಿಲ್ಲೆಯಿಟ್ಟು, ಅದಕ್ಕೆಂದೇ ಇರುವ ಅಚ್ಚಿನಿಂದ ಪ್ರತಿ ಕೋಶದಲ್ಲಿಯೂ ಒಂದೇ ಆಳಕ್ಕೆ ಒತ್ತುತ್ತೇನೆ. ಗುಂಡಿಗೂ ಮದ್ದಿಗೂ ನಡುವೆ ಟೊಳ್ಳು ಉಳಿಯಲೇಬಾರದು. ಉಳಿದರೆ ನಳಿಗೆಗೇ ಅಪಾಯ. ಈಗಿನ ಬಂದೂಕುಗಳ ಹೊಗೆರಹಿತ ಮದ್ದಿನ ಲೆಕ್ಕವೇ ಬೇರೆಯಾದ್ದರಿಂದ ಅದರ ಡಬ್ಬಿಯನ್ನು ಈ ಮೇಜಿನ ಹತ್ತಿರಕ್ಕೂ ತರುವುದಿಲ್ಲ. ಅಳತೆಗಳನ್ನು ಮುದ್ರಿತ ಕೈಪಿಡಿಯಿಂದಲೇ ತೆಗೆದುಕೊಳ್ಳುತ್ತೇನೆ.

ಗುಂಡನ್ನು 20 ಪಾಲು ಸೀಸಕ್ಕೆ 1 ಪಾಲು ತವರ ಸೇರಿಸಿ, ಗಾಳಿಯಾಡುವ ಕೊಟ್ಟಿಗೆಯಲ್ಲಿ ಎರಕ ಹೊಯ್ಯುತ್ತೇನೆ. ಸುಮಾರು 530 ಗ್ರೇನ್ ತೂಗುವ ಗುಂಡುಗಳಲ್ಲಿ ಒಂದು ಗ್ರೇನಿಗಿಂತ ಹೆಚ್ಚು ವ್ಯತ್ಯಾಸವಿರುವುದು ಮತ್ತೆ ಕರಗುವ ಪಾತ್ರೆಗೆ ಹೋಗುತ್ತದೆ. ಗುಂಡಿನ ಸುತ್ತ ಇರುವ ಕಚ್ಚುಗಳಿಗೆ ಜೇನುಮೇಣ ಬೆರೆತ ಜಿಡ್ಡು ತುಂಬುತ್ತೇನೆ.

ಇಷ್ಟಾದರೂ ಹತ್ತು ಗುಂಡುಗಳ ಸರಣಿಯಲ್ಲಿ ಕೊನೆಯ ಮೂರು ನಾಲ್ಕು ದಾರಿ ತಪ್ಪುತ್ತಿದ್ದವು. ಇಲ್ಲಿನ ಒಣ ಹವೆಯಲ್ಲಿ ಕರಿಮದ್ದಿನ ಮಸಿ ನಳಿಗೆಯೊಳಗೆ ಗಟ್ಟಿಯಾಗಿ ಕಟ್ಟುತ್ತದೆ. ಹಿರಿಯ ಸ್ಪರ್ಧಿಯೊಬ್ಬರು ಖಾಲಿ ಕೋಶಕ್ಕೆ ರಬ್ಬರ್ ಕೊಳವೆ ಸಿಕ್ಕಿಸಿಕೊಟ್ಟು, ಪ್ರತಿ ಹೊಡೆತದ ನಂತರ ನಳಿಗೆಯ ಹಿಂಬದಿಯ ಬಾಗಿಲು ತೆರೆದು, ಕೋಶವನ್ನು ಅಲ್ಲಿ ಕೂರಿಸಿ ಹಿಂದಿನಿಂದ ಊದುವಂತೆ ಹೇಳಿದರು. ಉಸಿರಿನ ತೇವಕ್ಕೆ ಮಸಿ ಮೆದುವಾಗುತ್ತದೆ. ನಾನು ಪ್ರತಿ ಸಲವೂ ನಾಲ್ಕು ದೀರ್ಘ ಉಸಿರು ಊದುತ್ತೇನೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ತಿಂಗಳುಗಟ್ಟಲೆ ತಕ್ಕಡಿಯ ಮುಂದೆ ಕೂತು ಗಳಿಸಿದ್ದಕ್ಕಿಂತ ಹೆಚ್ಚಿನದನ್ನು ಈ ಊದುಗೊಳವೆ ಒಂದೇ ಮಧ್ಯಾಹ್ನದಲ್ಲಿ ಕೊಟ್ಟಿತೆಂಬುದನ್ನು ಸ್ವಲ್ಪ ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇನೆ.

ಹೊಡೆದ ಕೋಶಗಳನ್ನು ಅದೇ ಸಂಜೆ ಸೋಪಿನ ನೀರಿಗೆ ಹಾಕದಿದ್ದರೆ ಹಿತ್ತಾಳೆ ಕಿಲುಬು ಹಿಡಿದು ಹಾಳಾಗುತ್ತದೆ. ಕಳೆದ ಬೇಸಿಗೆಯಲ್ಲಿ ಅಳೆದಾಗ ಹತ್ತು ಹೊಡೆತಗಳ ವೇಗದ ಅಂತರ ಸೆಕೆಂಡಿಗೆ 40 ಅಡಿಯಿಂದ 15 ಅಡಿಗೆ ಇಳಿದಿತ್ತು, ಹತ್ತು ಟಗರುಗಳಲ್ಲಿ ಆರು ಬಿದ್ದವು. ಉಳಿದ ನಾಲ್ಕಕ್ಕೆ ಗಾಳಿಯನ್ನು ಓದಲು ಬಾರದ ನಾನೇ ಕಾರಣ, ತೋಟಾ ಅಲ್ಲ.