ದಿನಾ ಪ್ರಾರ್ಥನಿಗಿ ಕೂಡೋದು ಹ್ಯಾಂಗ? ಮೊದ್ಲ ನಾಕು ಗಂಟಿ ಅಲಾರಾಂ ತೆಗೀರಿ

ಡಿಸೆಂಬರ್ 31ರ ರಾತ್ರಿ ವಾಚ್‌ನೈಟ್ ಆರಾಧನಿ ಮುಗಿಸಿ ಹೊರಗ ಬಂದು, ಬೀದರ್ ಚಳಿಗಿ ಸ್ವೆಟರ್ ಒಳಗ ಕೈ ತುರುಕಿ ಕೇಕ್ ತಿನ್ಕೋತ ಎಲ್ಲಾರೂ ಹೇಳೋದು ಒಂದೇ ಮಾತು. ಈ ವರ್ಷ ಮುಂಜಾನಿ 4ಕ್ಕ ಎದ್ದು ಒಂದ್ ತಾಸು ಪ್ರಾರ್ಥನಿ, ಪೂರಾ ಸತ್ಯವೇದ, ಅಂದ್ರ ಬೈಬಲ್, ಆದಿಕಾಂಡದಿಂದ ಪ್ರಕಟನೆ ತನಕ. ಸಂಡೇ ಸ್ಕೂಲ್ ನೋಡ್ಕೋತ ವರ್ಷಾ ಇದನ್ನ ಕೇಳ್ತೀನಿ, ನಾನೂ ನಾಕು ಸಲ ಹೇಳೀನಿ. ಲೆಕ್ಕ ಹಾಕ್ರಿ, 66 ಪುಸ್ತಕ, 1189 ಅಧ್ಯಾಯ, ಅಂದ್ರ ದಿನಕ್ಕ ಮೂರು ಚಿಲ್ಲರ. ಆದಿಕಾಂಡ 50, ವಿಮೋಚನಕಾಂಡ 40, ಹ್ಯಾಂಗೋ ದಾಟ್ತಾರ, ಜನವರಿ ಕೊನಿಗಿ ಯಾಜಕಕಾಂಡ ಬರ್ತದ, ಹೋಮ, ಕೊಬ್ಬು, ಕುಷ್ಠದ ನಿಯಮ, ಅಲ್ಲಿಗಿ ಗಾಡಿ ನಿಂತ್ತು. ಓದೋದು ನಿಂತ ಕೂಡ್ಲೇ ಪ್ರಾರ್ಥನಿನೂ ನಿಂತ್ತು.

ಅದಕ್ಕ ಮೊದ್ಲನೇದು, ಹೊತ್ತು. 10 ನಿಮಿಷ ಇಟ್ಕೋರಿ, ಹೆಚ್ಚು ಬ್ಯಾಡ. ಗಡಿಯಾರ ನೋಡಿ ಇಡಬ್ಯಾಡ್ರಿ, ದಿನಾ ತಪ್ಪದೇ ಮಾಡೋ ಒಂದು ಕೆಲಸಕ್ಕ ಕಟ್ರಿ. ನನ್ನದು ಜಳಕ ಆದ ಮ್ಯಾಲ, ಚಾ ಕುಡಿಯೋಕ್ಕಿಂತ ಮೊದ್ಲು. ಪ್ರಾರ್ಥನಿ ಆಗ್ಲಿಲ್ಲಂದ್ರ ಚಾ ಇಲ್ಲ, ಹಂಗಾಗಿ ಮರಿಯೋದೇ ಇಲ್ಲ. ಮೆಥೋಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿ 4ಕ್ಕೇ ಏಳ್ತಿದ್ದ ಅಂತ ನಮ್ಮ ಮೆಥೋಡಿಸ್ಟ್ ಪಾಸ್ಟರ್‌ಗಳು ಹೇಳ್ತಾರ, ಖರೇ ಅದ, ಆದ್ರ ವೆಸ್ಲಿಗಿ ನಳ ಬಿಟ್ಟಾಗ ಕೊಡ ಹಿಡ್ಕೊಂಡು ಓಡೋ ಕೆಲಸ ಇರ್ಲಿಲ್ಲ.

ಜಾಗ ಒಂದೇ ಇರ್ಲಿ, ಮೂಲಿ ಆದ್ರೂ ನಡೀತದ, ಹಾಸಿಗಿ ಮಾತ್ರ ಬ್ಯಾಡ.

ಆಮ್ಯಾಲ ಪುಸ್ತಕ. ಕಾಗದದ ಸತ್ಯವೇದನೇ ಬೇಕು ಅಂತ ನಾ ಹಟ ಹಿಡಿತೀನಿ. ಮೊಬೈಲ್ ಆ್ಯಪ್‌ದಾಗ ಎರಡು ವಚನ ಓದೋದ್ರಾಗ ಮ್ಯಾಲಿಂದ ವಾಟ್ಸಾಪ್ ಇಣುಕ್ತದ, ಮದುವಿ ಫೋಟೋ ನೋಡ್ಕೋತ ಹತ್ತು ನಿಮಿಷ ಹೋಗ್ತದ. ಮುಂಜಾನಿ ಎದ್ದು ಹೂವಿನ ಚಿತ್ರದ ಮ್ಯಾಲ ವಚನ ಬರ್ದಿದ್ದು ಇಪ್ಪತ್ತು ಗ್ರೂಪಿಗಿ ಫಾರ್ವರ್ಡ್ ಮಾಡೋದಕ್ಕ ಧ್ಯಾನ ಅನ್ನಂಗಿಲ್ಲ ಮತ್ತ. ತಗೊಳೋವಾಗ ದೊಡ್ಡ ಅಕ್ಷರದ್ದು ತಗೋರಿ, ಜಿಪ್ ಕವರ್‌ದ್ದು ಬ್ಯಾಡ, ಆರು ತಿಂಗಳಿಗಿ ಜಿಪ್ ಸಿಕ್ಕಾಕೊಂಡು ತೆಗೀಲಿಕ್ಕೇ ಬ್ಯಾಸರ ಬರ್ತದ.

ಓದೋದು ಮಾರ್ಕನ ಸುವಾರ್ತೆಯಿಂದ, 16 ಅಧ್ಯಾಯ, ದಿನಕ್ಕೊಂದು. ಮುಗಿದ ಮ್ಯಾಲ ಜ್ಞಾನೋಕ್ತಿಗಳು, 31 ಅಧ್ಯಾಯ ಅವ, ಇವತ್ತಿನ ತಾರೀಖು ಏನದೋ ಅದೇ ಅಧ್ಯಾಯ.

ಈಗ ಎಲ್ಲಾರೂ ಬೀಳೋ ಜಾಗಕ್ಕ ಬರೋಣ್ರಿ. ಪುಸ್ತಕ ಮುಚ್ಚಿ ಕಣ್ಣು ಮುಚ್ಚಿದ ಮ್ಯಾಲ ಏನು ಮಾತಾಡ್ಬೇಕು? ಚರ್ಚ್‌ದಾಗ ಕೇಳಿ ಕೇಳಿ ನಾವೂ "ಸರ್ವಶಕ್ತನಾದ, ಪರಿಶುದ್ಧನಾದ ತಂದೆಯೇ" ಅಂತ ಶುರು ಮಾಡ್ತೀವಿ, ಸ್ತೋತ್ರ ಸ್ತೋತ್ರ ಅಂತ ಹತ್ತು ಸಲ ಅಂತೀವಿ, ಒಂದು ನಿಮಿಷದಾಗ ಸರಕು ಖಾಲಿ. ಆಮ್ಯಾಲ ತಲಿಯಾಗ ತೊಗರಿ ರೇಟು, ಮಗಳ ಫೀಸು, ನಿನ್ನಿ ನಾದ್ನಿ ಅಂದ ಮಾತು. ನನ್ನ ಪ್ರಾರ್ಥನಿಗಿ ಶಕ್ತಿ ಇಲ್ಲ ಅಂತ ಬೇಜಾರಾಗಿ ಎದ್ದು ಬಿಡ್ತಾರ.

ಹಂಗ ಕಣ್ಣು ಮುಚ್ಚಬ್ಯಾಡ್ರಿ. ಸತ್ಯವೇದದಾಗಿನ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ ತೆರೆದೇ ಇಟ್ಕೋರಿ, ಸಣ್ಣದು, 23 ಆದ್ರ ಆರೇ ವಚನ, 121 ಆದ್ರ ಎಂಟು. ಒಂದು ವಚನದ ಮ್ಯಾಲ ಬೆರಳಿಡ್ರಿ, ಬಾಯಿಬಿಟ್ಟು ಸಣ್ಣ ದನಿಲಿ ಓದ್ರಿ, ಮನಸಿನ್ಯಾಗ ಅಲ್ಲ, ಮನಸಿನ್ಯಾಗ ಓದಿದ್ರ ನಿದ್ದಿ ಬರ್ತದ. ನಿಲ್ರಿ. ಆ ವಚನ ಕೇಳಿ ಹೇಳಬೇಕನಸಿದ್ದನ್ನ ನಿಮ್ಮ ಮಾತಿನ್ಯಾಗ ಹೇಳ್ರಿ, ಮನ್ಯಾಗ ಜಗಳ ಆಡೋ ಮಾತು ಯಾವುದೋ ಅದ್ರಾಗ, ಕನ್ನಡ ಉರ್ದು ಮರಾಠಿ ಕಲೀಲಿ, ದೇವರಿಗಿ ತಿಳೀತದ. 63ನೇ ಕೀರ್ತನೆ ಶುರುವಿನ್ಯಾಗ ನೀರಿಲ್ಲದ ಒಣ ಭೂಮಿ ಅಂತ ಬರ್ತದ, ಏಪ್ರಿಲ್‌ದಾಗ ನಮ್ಮ ಕಡಿ ಬಾವಿ ಬಗ್ಗಿ ನೋಡಿದೋರಿಗಿ ಅದರ ಅರ್ಥ ಬ್ಯಾರೆಯವರು ಹೇಳ್ಬೇಕೇನ್ರಿ? 13ನೇದು ಶುರುವಾಗೋದೇ ತಕರಾರಿನಿಂದ, ಎಲ್ಲೀತನಕ ನನ್ನ ಮರೀತಿ ಅಂತ. ತಕರಾರಿದ್ರ ಹೇಳಿಬಿಡ್ರಿ.

ನಡುವ ತೊಗರಿ ನೆನಪು ಬಂದೇ ಬರ್ತದ. ಓಡಿಸಬ್ಯಾಡ್ರಿ. "ಸ್ವಾಮಿ, ರೇಟು ಬಿದ್ದಾದ, ಸೊಸೈಟಿ ಸಾಲ ಹಂಗೇ ಅದ" ಅಂತ ಅದನ್ನೇ ಹೇಳ್ರಿ. ಯೇಸು ಕಲಿಸಿದ ಕರ್ತನ ಪ್ರಾರ್ಥನಿಯೊಳಗ ಅನುದಿನದ ಆಹಾರದ ಮಾತು ಇಲ್ಲೇನು? ಹೇಳಿ ಬೆರಳು ಎಲ್ಲದೋ ಆ ವಚನಕ್ಕ ವಾಪಸ್ ಬರ್ರಿ. ಬೆರಳು ಎತ್ತಿದ್ರ ಕೆಲಸ ಕೆಟ್ತು. ಹೀಂಗ ಆರು ವಚನ ದಾಟೋದ್ರಾಗ ಹತ್ತು ನಿಮಿಷ ಆಗಿರ್ತದ, ಕೊನಿಗಿ ಕರ್ತನ ಪ್ರಾರ್ಥನಿ ಸಾವಕಾಶ ಹೇಳಿ ಏಳ್ರಿ. ರೂಢಿ ಆದ ಮ್ಯಾಲ 119 ಹಿಡೀರಿ, 176 ವಚನ ನೋಡಿ ಅಂಜಬ್ಯಾಡ್ರಿ, ಎಂಟೆಂಟು ವಚನದ 22 ಭಾಗ ಅವ, ದಿನಕ್ಕೊಂದರಂಗ 22 ದಿನ.

ತಪ್ಪಿದ ದಿನದ ಬಾಕಿ ತೀರ್ಸಬ್ಯಾಡ್ರಿ. ಮದುವಿಗಿ ಹೋಗಿ ಮೂರು ದಿನ ಬಿಟ್ಟು, ನಾಕನೇ ದಿನ ಬಡ್ಡಿ ಸಮೇತ ಕಟ್ತೀನಿ ಅಂತ ಕೂತೋರು ಐದನೇ ದಿನ ಕೂಡಂಗಿಲ್ಲ. ಇವತ್ತಿನದು ಇವತ್ತು, ಹೋಗಿದ್ದು ಹೋಯ್ತು.

ಇನ್ನ ಕುಟುಂಬ ಪ್ರಾರ್ಥನಿ. ರಾತ್ರಿ ಊಟಕ್ಕ ಮೊದ್ಲು ಐದು ನಿಮಿಷ, ಓದೋ ಪಾಳಿ ಹುಡುಗರಿಗಿ ಕೊಡ್ರಿ, ತಪ್ಪು ಓದಿದ್ರ ನಡುವ ತಿದ್ದಬ್ಯಾಡ್ರಿ. ಮನಿ ಯಜಮಾನರು ಇದೇ ಚಾನ್ಸ್ ಅಂತ ಪ್ರಾರ್ಥನಿಯೊಳಗೇ ಹುಡುಗ್ರಿಗಿ ಬುದ್ಧಿ ಹೇಳ್ತಾರ, "ಕರ್ತನೇ, ಮೊಬೈಲ್ ನೋಡೋ ಇವರ ಮನಸ್ಸು ತಿರುಗಿಸು" ಅಂತ. ಹುಡುಗ್ರು ಒಂದು ಕಣ್ಣು ತೆಗೆದು ಒಬ್ಬರಿಗೊಬ್ಬರು ನೋಡಿ ನಗ್ತಿರ್ತಾರ, ಅಲ್ಲಿ ರೊಟ್ಟಿ ಆರ್ತಿರ್ತಾವ.