ಕುದಿಸಿದ ಮೇಲೂ ಕೆಲಸ ಮಾಡಿದ ಪ್ರೋಟೀನ್

ಪಿಎಚ್‌ಡಿಯ ಮೂರನೇ ವರ್ಷದಲ್ಲಿ ಎಂಟು ತಿಂಗಳು ನಾನು ಒಂದು ಪ್ರೋಟೀನನ್ನು ಪೂರ್ತಿ ನಂಬಿದ್ದೆ. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಅದನ್ನು ತಯಾರಿಸಿ, ನಿಕಲ್ ಕಾಲಂನಲ್ಲಿ ಶುದ್ಧ ಮಾಡಿ, ಇಲಿಯ ಮ್ಯಾಕ್ರೋಫೇಜ್‌ಗಳ ಮೇಲೆ, ಅಂದರೆ ರೋಗಾಣುಗಳನ್ನು ನುಂಗುವ ರಕ್ಷಣಾ ಕೋಶಗಳ ಮೇಲೆ, ಹಾಕುತ್ತಿದ್ದೆ. ಹಾಕಿದರೆ ಸಾಕು, ಕೋಶಗಳು ಟಿಎನ್‌ಎಫ್ ಅನ್ನುವ, ಉರಿಯೂತ ಎಬ್ಬಿಸುವ ಸಂಕೇತ ಪ್ರೋಟೀನನ್ನು ಸುರಿಸುತ್ತಿದ್ದವು. ಟಿಎನ್‌ಎಫ್ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ಎಲೈಸಾ ಪ್ಲೇಟಿನ ವೆಲ್‌ಗಳು (ಸಣ್ಣ ಗುಳಿಗಳು) ಕಡು ಹಳದಿಯಾಗುತ್ತಿದ್ದವು. ಪ್ರೋಟೀನ್ ಜಾಸ್ತಿ ಹಾಕಿದರೆ ಬಣ್ಣ ಜಾಸ್ತಿ, ಕಡಿಮೆ ಹಾಕಿದರೆ ಕಡಿಮೆ. ದೇಹದ ರಕ್ಷಣಾ ವ್ಯವಸ್ಥೆಯನ್ನು ಎಬ್ಬಿಸುವ ಒಂದು ಹೊಸ ಸಂಕೇತ ನನ್ನ ಕೈಗೆ ಸಿಕ್ಕಿದೆ ಅಂತಲೇ ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಗ್ರಾಫ್ ತೋರಿಸಿದಾಗ ಗೈಡ್ ಮೇಡಮ್ ಕೇಳಿದ್ದು ಒಂದೇ ಮಾತು. "ಇದನ್ನು ಕುದಿಸಿ ಹಾಕಿ ನೋಡಿದ್ದೀಯಾ?"

ನೋಡಿರಲಿಲ್ಲ.

ಅದು ಯಾಕೆ ಅಷ್ಟು ದೊಡ್ಡ ಪ್ರಶ್ನೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ತಿಪಟೂರಿನ ಕಡೆಯವಳು. ಬಿಎಸ್ಸಿ, ಎಂಎಸ್ಸಿ, ಆಮೇಲೆ ಜೆಆರ್‌ಎಫ್ ಪರೀಕ್ಷೆ, ಬೆಂಗಳೂರಿನಲ್ಲಿ ಪಿಎಚ್‌ಡಿ. ಈ ದಾರಿ ಎಲ್ಲರಿಗೂ ಗೊತ್ತಿರುವುದೇ. ಉರಿಯೂತದ ಕಡೆಗೆ ನನ್ನನ್ನು ಎಳೆದದ್ದು ಮಾತ್ರ ಆ ಪದವೇ. ರೋಮಿನ ಸೆಲ್ಸಸ್ ಸುಮಾರು 2,000 ವರ್ಷಗಳ ಹಿಂದೆ ಅದರ ನಾಲ್ಕು ಲಕ್ಷಣ ಬರೆದಿಟ್ಟಿದ್ದಾನೆ: ಕೆಂಪಾಗುವುದು, ಊದಿಕೊಳ್ಳುವುದು, ಬಿಸಿಯಾಗುವುದು, ನೋವು. ನಮ್ಮ ಪದದಲ್ಲಿ ಉರಿಯೂ ಇದೆ, ಊತವೂ ಇದೆ. ಮುಳ್ಳು ಚುಚ್ಚಿದ ಕಾಲು ನೋಡಿದವರು ಕಟ್ಟಿದ ಪದ ಅದು. ಕಾಲು ಯಾಕೆ ಊದಿಕೊಳ್ಳುತ್ತದೆ ಅನ್ನುವುದಕ್ಕಿಂತ, ಊದಿದ್ದು ತಾನಾಗಿ ಯಾಕೆ ಇಳಿಯುತ್ತದೆ ಅನ್ನುವುದೇ ನನ್ನನ್ನು ಕಾಡುತ್ತಿತ್ತು.

ಲ್ಯಾಬಿಗೆ ಸೇರಿದ ಮೊದಲ ವರ್ಷದಲ್ಲೇ ಅದಕ್ಕೆ ಒಂದು ಉತ್ತರವನ್ನು ಕಣ್ಣಾರೆ ನೋಡಿದೆ. ಎನ್‌ಎಫ್-ಕಪ್ಪಾ-ಬಿ ಅಂತ ಒಂದು ಪ್ರೋಟೀನ್ ಇದೆ. 1986ರಲ್ಲಿ ಅಮೆರಿಕದಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಅದನ್ನು ಕಂಡುಹಿಡಿದರು. ಆಗ ಅವರು ನೋಡುತ್ತಿದ್ದದ್ದು ಬಿ ಕೋಶಗಳಲ್ಲಿ ಪ್ರತಿಕಾಯದ ಕಪ್ಪಾ ಸರಪಳಿಯ ಜೀನ್ ಹೇಗೆ ಆನ್ ಆಗುತ್ತದೆ ಅಂತ, ಹೆಸರಿನಲ್ಲಿರುವ ಕಪ್ಪಾ ಬಂದದ್ದು ಅಲ್ಲಿಂದ. ಸುಮ್ಮನಿರುವ ಕೋಶದಲ್ಲಿ ಇದು ನ್ಯೂಕ್ಲಿಯಸ್ಸಿನ ಹೊರಗೇ ಇರುತ್ತದೆ. ಐ-ಕಪ್ಪಾ-ಬಿ ಅನ್ನುವ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಬ್ಯಾಕ್ಟೀರಿಯಾದ ಸುಳಿವು ಸಿಕ್ಕ ಕೂಡಲೇ ಕೋಶ ಆ ಐ-ಕಪ್ಪಾ-ಬಿಯನ್ನು ಒಡೆದುಹಾಕುತ್ತದೆ, ಬಿಡುಗಡೆಯಾದ ಎನ್‌ಎಫ್-ಕಪ್ಪಾ-ಬಿ ಒಳಗೆ ಹೋಗಿ ಟಿಎನ್‌ಎಫ್ ಥರದ ಜೀನ್‌ಗಳನ್ನು ಆನ್ ಮಾಡುತ್ತದೆ.

ನನ್ನ ಮೊದಲ ಸರಿಯಾದ ಬ್ಲಾಟ್, ಅಂದರೆ ಒಂದು ಪ್ರೋಟೀನ್ ಎಷ್ಟಿದೆ ಅಂತ ಗೆರೆಯ ದಪ್ಪದಲ್ಲಿ ತೋರಿಸುವ ಪರೀಕ್ಷೆ, ಈ ಐ-ಕಪ್ಪಾ-ಬಿಯದ್ದೇ. ಕೋಶಗಳಿಗೆ ಎಲ್‌ಪಿಎಸ್ ಅನ್ನುವ ಬ್ಯಾಕ್ಟೀರಿಯಾದ ವಸ್ತು ಕೊಟ್ಟು 0, 5, 15, 30, 60, 90 ನಿಮಿಷಕ್ಕೆ ಒಂದೊಂದು ಸ್ಯಾಂಪಲ್ ತೆಗೆದಿದ್ದೆ. ಡಾರ್ಕ್ ರೂಮಿನ ಕೆಂಪು ದೀಪದಲ್ಲಿ ಫಿಲ್ಮನ್ನು ಡೆವಲಪರ್‌ನಲ್ಲಿ ಅಲ್ಲಾಡಿಸುತ್ತಾ ನಿಂತಿದ್ದಾಗ ಬ್ಯಾಂಡ್‌ಗಳು ಒಂದೊಂದಾಗಿ ಮೇಲೆದ್ದವು. ಮೊದಲ ಲೇನಿನಲ್ಲಿ ದಪ್ಪ ಗೆರೆ. ಐದು ನಿಮಿಷಕ್ಕೆ ತೆಳುವಾಯಿತು. 15 ಮತ್ತು 30 ನಿಮಿಷದ ಜಾಗದಲ್ಲಿ ಏನೂ ಇಲ್ಲ, ಖಾಲಿ. 60ಕ್ಕೆ ಗೆರೆ ವಾಪಸ್ ಬಂದಿತ್ತು! ಎನ್‌ಎಫ್-ಕಪ್ಪಾ-ಬಿ ಆನ್ ಮಾಡುವ ಜೀನ್‌ಗಳಲ್ಲಿ ಐ-ಕಪ್ಪಾ-ಬಿಯ ಜೀನ್ ಕೂಡ ಒಂದು. ಅಂದರೆ ಬೆಂಕಿ ಹೊತ್ತಿಸಲು ಹೋದವನೇ ಹೋಗುವಾಗ ನೀರಿನ ಕೊಡವನ್ನೂ ತುಂಬಿಸಿಟ್ಟಿರುತ್ತಾನೆ. ಆ ಫಿಲ್ಮ್ ಇವತ್ತಿಗೂ ನನ್ನ ಹತ್ತಿರ ಇದೆ.

ಈಗ ಆ ಎಲ್‌ಪಿಎಸ್ ವಿಷಯ. ಇ. ಕೋಲಿಯಂಥ ಬ್ಯಾಕ್ಟೀರಿಯಾಗಳ ಹೊರಪದರದಲ್ಲಿರುವ ವಸ್ತು ಅದು, ಎಂಡೋಟಾಕ್ಸಿನ್ ಅಂತಲೂ ಕರೆಯುತ್ತಾರೆ. ನಮ್ಮ ಮ್ಯಾಕ್ರೋಫೇಜ್‌ಗಳು ಟಿಎಲ್‌ಆರ್4 ಅನ್ನುವ ಗ್ರಾಹಕ ಪ್ರೋಟೀನಿನ (ರಿಸೆಪ್ಟರ್) ಮೂಲಕ ಅದನ್ನು ಗುರುತಿಸುತ್ತವೆ. ಒಂದು ಮಿಲಿಲೀಟರಿಗೆ ಒಂದು ನ್ಯಾನೋಗ್ರಾಂ, ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು, ಅಷ್ಟಕ್ಕೂ ಕಡಿಮೆ ಇದ್ದರೂ ಅವುಗಳಿಗೆ ಗೊತ್ತಾಗಿಬಿಡುತ್ತದೆ. ನನ್ನ ಪ್ರೋಟೀನ್ ತಯಾರಾಗುತ್ತಿದ್ದದ್ದು ಎಲ್ಲಿ? ಇ. ಕೋಲಿಯಲ್ಲಿ.

ಪ್ರೋಟೀನನ್ನು ಕುದಿಸಿದರೆ ಮೊಟ್ಟೆಯ ಬಿಳಿಯ ಹಾಗೆ ಅದರ ಆಕಾರ ಕೆಡುತ್ತದೆ, ಕೆಲಸ ನಿಲ್ಲುತ್ತದೆ. ಎಲ್‌ಪಿಎಸ್‌ಗೆ ಕುದಿಸುವುದು ಲೆಕ್ಕಕ್ಕೇ ಇಲ್ಲ, ಒತ್ತಡದ ಹಬೆಯಲ್ಲಿಟ್ಟು ಆಟೋಕ್ಲೇವ್ ಮಾಡಿದರೂ ಪೂರ್ತಿ ಹೋಗುವುದಿಲ್ಲ. ನಾನು ಅರ್ಧ ಗಂಟೆ ಕುದಿಸಿದೆ. ಮಾರನೇ ದಿನ ಪ್ಲೇಟ್ ನೋಡಿದರೆ ಕುದಿಸಿದ್ದೂ ಹಳದಿ, ಕುದಿಸದ್ದೂ ಹಳದಿ, ಎರಡರ ನಡುವೆ ವ್ಯತ್ಯಾಸವೇ ಇಲ್ಲ. ಆದರೂ ಮನಸ್ಸು ಒಪ್ಪಲಿಲ್ಲ, ಇದು ಬಿಸಿಗೆ ಕೆಡದ ಪ್ರೋಟೀನ್ ಇರಬಹುದಲ್ವಾ ಅಂತ ಎರಡು ದಿನ ನನಗೆ ನಾನೇ ವಾದ ಮಾಡಿಕೊಂಡೆ. ಆಮೇಲೆ ಎಲ್‌ಪಿಎಸ್‌ಗೆ ಅಂಟಿಕೊಂಡು ಅದನ್ನು ಸುಮ್ಮನಾಗಿಸುವ ಪಾಲಿಮಿಕ್ಸಿನ್ ಬಿ ಹಾಕಿದೆ. ಟಿಎನ್‌ಎಫ್ ಹೆಚ್ಚುಕಡಿಮೆ ಮಾಯವಾಯಿತು.

ಕೊನೆಯ ಪರೀಕ್ಷೆಗೆ ಸಿ3ಎಚ್/ಎಚ್‌ಇಜೆ ಅನ್ನುವ ಇಲಿ ತಳಿಯ ಮೂಳೆಮಜ್ಜೆ ತರಿಸಿದೆವು. ಈ ಇಲಿಗಳ ಕಥೆ ನನಗೆ ತುಂಬಾ ಇಷ್ಟ. ಎಷ್ಟು ಎಲ್‌ಪಿಎಸ್ ಕೊಟ್ಟರೂ ಇವು ಜಗ್ಗುವುದಿಲ್ಲ ಅಂತ ಬಹಳ ವರ್ಷಗಳಿಂದ ಗೊತ್ತಿತ್ತು, ಯಾಕೆ ಅಂತ ಮಾತ್ರ ಗೊತ್ತಿರಲಿಲ್ಲ. ಬ್ರೂಸ್ ಬ್ಯೂಟ್ಲರ್ ತಂಡ ವರ್ಷಗಟ್ಟಲೆ ಹುಡುಕಿ 1998ರಲ್ಲಿ ಕಾರಣ ಹೇಳಿತು: ಟಿಎಲ್‌ಆರ್4 ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿದೆ, 712ನೇ ಜಾಗದಲ್ಲಿ ಪ್ರೋಲಿನ್ ಬದಲು ಹಿಸ್ಟಿಡಿನ್. 2011ರಲ್ಲಿ ನೊಬೆಲ್ ಹಂಚಿಕೊಂಡವರಲ್ಲಿ ಬ್ಯೂಟ್ಲರ್ ಒಬ್ಬರು. ಆ ಇಲಿಗಳ ಮಜ್ಜೆಯನ್ನು ಏಳು ದಿನ ಬೆಳೆಸಿ ಮ್ಯಾಕ್ರೋಫೇಜ್ ಮಾಡಿ ನನ್ನ ಪ್ರೋಟೀನ್ ಹಾಕಿದೆ. ವೆಲ್‌ಗಳು ಬೆಳ್ಳಗೇ ಉಳಿದವು.

ಆವತ್ತು ಸಂಜೆ ಹಾಸ್ಟೆಲ್ಲಿಗೆ ಹೋಗಿ ಅತ್ತೆ. ಎಂಟು ತಿಂಗಳ ನೋಟ್‌ಬುಕ್ಕಿನಲ್ಲಿ ಉಳಿದದ್ದು ಎಲ್‌ಪಿಎಸ್ ಟಿಎಲ್‌ಆರ್4 ಅನ್ನು ಎಬ್ಬಿಸುತ್ತದೆ ಅನ್ನುವ, ಜಗತ್ತಿಗೆ ಮೊದಲೇ ಗೊತ್ತಿದ್ದ ಸಂಗತಿ ಮಾತ್ರ. ಕೋಶಗಳು ತಪ್ಪು ಮಾಡಿರಲಿಲ್ಲ. ಟ್ಯೂಬಿನಲ್ಲಿ ನಿಜವಾಗಿ ಇದ್ದದ್ದಕ್ಕೇ ಅವು ಉತ್ತರ ಕೊಟ್ಟಿದ್ದವು. ಟ್ಯೂಬಿನಲ್ಲಿ ಏನಿದೆ ಅಂತ ಗೊತ್ತಿಲ್ಲದೆ ಇದ್ದದ್ದು ನನಗೆ. ನನ್ನಂತೆ ಎಡವಿದವರು ಬೇರೆಯವರೂ ಇದ್ದಾರೆ. ಬಿಸಿಯಂಥ ಒತ್ತಡದಲ್ಲಿ ಕೋಶಗಳು ತಯಾರಿಸುವ ಹೀಟ್ ಶಾಕ್ ಪ್ರೋಟೀನ್‌ಗಳು ಮ್ಯಾಕ್ರೋಫೇಜ್‌ಗಳನ್ನು ಕೆರಳಿಸುತ್ತವೆ ಅಂತ ಬಂದಿದ್ದ ಎಷ್ಟೋ ವರದಿಗಳ ಬಗ್ಗೆ ಇದೇ ಅನುಮಾನ ಎದ್ದು, ಎಲ್‌ಪಿಎಸ್ ತೆಗೆದು ನೋಡಿದಾಗ ಕೆಲವು ಫಲಿತಾಂಶ ನಿಲ್ಲಲಿಲ್ಲ.

ಪಿಎಚ್‌ಡಿ ಮುಗಿಯಲು ಒಂದು ವರ್ಷ ಜಾಸ್ತಿ ಹಿಡಿಯಿತು. ವಿಷಯ ಬದಲಿಸಿ ನನ್ನ ಹಳೆಯ ಬ್ಲಾಟಿಗೇ ವಾಪಸ್ ಹೋದೆ, ಐ-ಕಪ್ಪಾ-ಬಿ ಹೇಗೆ ಮರಳಿ ಬರುತ್ತದೆ ಅನ್ನುವುದಕ್ಕೆ. ಆಮೇಲೆ ಹೊರದೇಶದಲ್ಲಿ ಪೋಸ್ಟ್‌ಡಾಕ್, ಅಲ್ಲಿ ಉರಿಯೂತ ಶುರು ಮಾಡುವ ಪ್ರೋಟೀನ್‌ಗಳ ಗುಂಪಾದ ಇನ್‌ಫ್ಲಮಸೋಮ್ ಮೇಲೆ ಕೆಲಸ, ಈಗ ಬೆಂಗಳೂರಿನಲ್ಲೇ ಸಣ್ಣದೊಂದು ಲ್ಯಾಬ್. ಇಲ್ಲಿ ಮ್ಯಾಕ್ರೋಫೇಜ್ ಮೇಲೆ ಹಾಕುವ ಪ್ರೋಟೀನನ್ನು ಆದಷ್ಟು ಮಾನವ ಕೋಶಗಳಲ್ಲೇ ತಯಾರಿಸುತ್ತೇವೆ. ಗಾಜಿನ ಪಾತ್ರೆಗಳು 250 ಡಿಗ್ರಿ ಒಣ ಶಾಖದಲ್ಲಿ ಅರ್ಧ ಗಂಟೆ ಇದ್ದು ಬರಬೇಕು. ನೀರು, ಬಫರ್, ಸೀರಂ ಎಲ್ಲದರ ಎಂಡೋಟಾಕ್ಸಿನ್ ಅಳೆಯುತ್ತೇವೆ. ಆ ಪರೀಕ್ಷೆಗೆ ಬಳಸುವುದು ಹಾರ್ಸ್‌ಶೂ ಏಡಿಯ ನೀಲಿ ರಕ್ತದಿಂದ ತೆಗೆದ ಸಾರ, ಕಿಟ್ ದುಬಾರಿ, ಆದರೂ ಅದರಲ್ಲಿ ಉಳಿತಾಯ ಮಾಡುವುದಿಲ್ಲ. ಕುದಿಸಿದ ಸ್ಯಾಂಪಲ್ ಪಕ್ಕದಲ್ಲಿ ಇಲ್ಲದ ಗ್ರಾಫನ್ನು ಲ್ಯಾಬ್ ಮೀಟಿಂಗಿನಲ್ಲಿ ತೋರಿಸುವಂತಿಲ್ಲ. ಹೊಸದಾಗಿ ಸೇರಿದವರಿಗೆ ಇದು ಅತಿ ಅನ್ನಿಸುತ್ತದೆ. ನನ್ನ ಹಳೆಯ ನೋಟ್‌ಬುಕ್ ಕೊಟ್ಟು ಓದಲು ಹೇಳುತ್ತೇನೆ.

ಇನ್ನೊಂದು ಹೇಳಬೇಕು. ವರ್ಷಗಟ್ಟಲೆ ಟಿಎನ್‌ಎಫ್ ನನಗೆ ಪ್ಲೇಟಿನ ಹಳದಿ ಬಣ್ಣವಾಗಿತ್ತು ಅಷ್ಟೆ. ಅದು ಮನೆಯೊಳಗೆ ಬಂದದ್ದು ದೊಡ್ಡಮ್ಮನ ಮೂಲಕ. ಅವರಿಗೆ ರುಮಟಾಯ್ಡ್ ಆರ್ಥ್ರೈಟಿಸ್, ಕೀಲುಗಳ ಉರಿಯೂತದ ಕಾಯಿಲೆ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ, ಒದ್ದೆ ಬಟ್ಟೆ ಹಿಂಡಲು ಆಗುತ್ತಿರಲಿಲ್ಲ. ಮಾತ್ರೆಗಳು ಸಾಲದೆ ಹೋದಾಗ ಡಾಕ್ಟರು ಟಿಎನ್‌ಎಫ್ ತಡೆಯುವ ಚುಚ್ಚುಮದ್ದು ಹೇಳಿದರು. ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ 1990ರ ದಶಕದಲ್ಲಿ ಈ ಕಾಯಿಲೆಯಲ್ಲಿ ಕೆಲಸ ಮಾಡುತ್ತದೆ ಅಂತ ತೋರಿಸಿದ ಚಿಕಿತ್ಸೆ ಅದು. ಆದರೆ ಮೊದಲು ಎದೆಯ ಎಕ್ಸ್‌ರೇ, ಕ್ಷಯದ ಪರೀಕ್ಷೆ ಆಗಲಿ ಅಂದರು. ದೊಡ್ಡಮ್ಮ ನನಗೆ ಫೋನ್ ಮಾಡಿದರು. "ಏನೇ ಇದು, ಬೆರಳು ನೋವು ಅಂತ ಹೋದರೆ ಎದೆ ಫೋಟೋ ತೆಗೀತಾರಂತೆ?"

ಆವತ್ತು ಅವರಿಗೆ ಹೇಳಿದ್ದು ಇಷ್ಟು. ನಮ್ಮಲ್ಲಿ ಎಷ್ಟೋ ಜನರ ಶ್ವಾಸಕೋಶದಲ್ಲಿ ಕ್ಷಯದ ರೋಗಾಣು ಸದ್ದಿಲ್ಲದೆ ಕೂತಿರುತ್ತದೆ. ಮ್ಯಾಕ್ರೋಫೇಜ್‌ಗಳು ಅದರ ಸುತ್ತ ಬೇಲಿ ಹಾಕಿ ಕಾಯುತ್ತಿರುತ್ತವೆ, ಆ ಬೇಲಿ ಬಿಗಿಯಾಗಿ ನಿಲ್ಲಲು ಟಿಎನ್‌ಎಫ್ ಬೇಕು. ನಿಮ್ಮ ಬೆರಳಿನ ಗಂಟಿನಲ್ಲಿ ಉರಿ ಎಬ್ಬಿಸುತ್ತಿರುವುದೂ ಅದೇ, ಎದೆಯಲ್ಲಿ ಕಾವಲು ಕಾಯುತ್ತಿರುವುದೂ ಅದೇ. ಬೆರಳಿಗೋಸ್ಕರ ಅದನ್ನು ಹಿಡಿದರೆ ಬೇಲಿ ಸಡಿಲವಾಗಬಹುದು, ಅದಕ್ಕೇ ಮೊದಲು ಎದೆ ನೋಡುತ್ತಾರೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅದನ್ನ ಪೂರ್ತಿ ನಿಲ್ಲಿಸೋದು ಬೇಡ, ಅಲ್ವಾ?" ಅಂದರು.

ಪರೀಕ್ಷೆಯಲ್ಲಿ ಅವರ ದೇಹದಲ್ಲೂ ಕ್ಷಯದ ರೋಗಾಣು ಅಡಗಿದೆ ಅಂತ ಗೊತ್ತಾಯಿತು. ಮೊದಲು ಅದಕ್ಕೆ ಮಾತ್ರೆ ಶುರು ಮಾಡಿ, ಒಂದು ತಿಂಗಳು ಕಳೆದ ಮೇಲೆ ಚುಚ್ಚುಮದ್ದು ಕೊಟ್ಟರು. ಈಗ ಬಟ್ಟೆ ಅವರೇ ಹಿಂಡುತ್ತಾರೆ. ಅವರು ಆವತ್ತು ಕೇಳಿದ ಪ್ರಶ್ನೆಯನ್ನೇ ನಮ್ಮ ಲ್ಯಾಬ್ ಈಗ ಕೇಳುತ್ತಿದೆ. ಟಿಎನ್‌ಎಫ್ ಪೂರ್ತಿ ನಿಲ್ಲಿಸದೆ, ಐ-ಕಪ್ಪಾ-ಬಿ 60 ನಿಮಿಷದ ಬದಲು 40ಕ್ಕೇ ವಾಪಸ್ ಬರುವ ಹಾಗೆ ಮಾಡಲು ಆಗುತ್ತದಾ ಅಂತ. ಸ್ಯಾಂಪಲ್‌ಗಳನ್ನು ಈಗ ಐದೈದು ನಿಮಿಷಕ್ಕೆ ತೆಗೆಯುತ್ತಿದ್ದೇವೆ.