ಸುಟ್ಟಿದ್ದು ಮೋಟಾರು, ತಪ್ಪು ಕೇಬಲ್‌ದು

ಚಿಂತಾಮಣಿ ಕಡೆ 1,200 ಅಡಿ ಬೋರ್‌ಗೆ 10 ಎಚ್‌ಪಿ ಮೋಟಾರ್ ಇಳಿಸಿ, ಅದಕ್ಕೆ 4 ಸ್ಕ್ವೇರ್ (ಒಂದೊಂದು ತಾಮ್ರದ ತಂತಿ 4 ಚದರ ಮಿ.ಮೀ. ದಪ್ಪ) ಕೇಬಲ್ ಕಟ್ಟೋದು ಇವತ್ತಿಗೂ ನಡೀತಿದೆ. ಹಾಗೆ ಕಟ್ಟಿದ್ದ ಒಂದು ಟೊಮ್ಯಾಟೊ ತೋಟದ ಮೋಟಾರ್ ಒಂದೇ ಬೇಸಿಗೇಲಿ ಮತ್ತೆ ಮತ್ತೆ ಸುಟ್ಟು ನನ್ನ ಮೋಟಾರ್ ರಿಪೇರಿ ಅಂಗಡಿಗೆ ಬಂತು. ಎತ್ತಿ ಇಳಿಸೋ ಗಾಡಿ, ವೈಂಡಿಂಗ್ (ಮೋಟಾರ್ ಒಳಗಿನ ತಾಮ್ರದ ಸುರುಳಿ ಹೊಸದಾಗಿ ಸುತ್ತೋದು) ಎಲ್ಲ ಸೇರಿ ಪ್ರತಿ ಸಲ 20 ಸಾವಿರದ ಹತ್ತಿರ. ವೈಂಡಿಂಗ್ ವೈರ್ ಕಂಪನಿ ಬದಲಾಯಿಸಿದೆವು, ಸ್ಟಾರ್ಟರ್ ರಿಲೇ ಹೊಸದು ಹಾಕಿದೆವು. ಪ್ರಯೋಜನವಾಗಲಿಲ್ಲ.

ಕೇಬಲ್ ಓಮ್, ಅಂದರೆ ಅದು ಕರೆಂಟನ್ನ ಎಷ್ಟು ತಡೀತದೆ ಅಂತ, ನೋಡೋಣ ಅಂದಾಗ ಜೊತೆಯವರು ನಕ್ಕರು. ಮಲ್ಟಿಮೀಟರ್‌ನಲ್ಲಿ ಅದು ಸಿಗೋದೂ ಇಲ್ಲ. ಪ್ರೋಬ್ ಒತ್ತಿದ ಹಾಗೆ ಒಂದೊಂದು ರೀಡಿಂಗ್. ಅದಕ್ಕೇ ಮೋಟಾರ್ ಮೇಲೆತ್ತಿದಾಗ ಕೇಬಲ್ ಒಳಗಿನ ಮೂರು ತಂತಿ (ಕೋರ್) ಪೈಕಿ ಎರಡರ ತುದಿ ಸೇರಿಸಿ, ಟ್ರ್ಯಾಕ್ಟರ್ ಬ್ಯಾಟರಿಗೆ ಹೆಡ್‌ಲೈಟ್ ಬಲ್ಬ್ ಸೀರೀಸ್ ಕೊಟ್ಟು ಕರೆಂಟ್ ಹರಿಸಿದೆ. 1.7 ಆಂಪ್ಸ್ ಹೋಯ್ತು, ಕೇಬಲ್ ಮೇಲೆ 8.2 ವೋಲ್ಟ್ ಸಿಕ್ತು. ಭಾಗಿಸಿದರೆ 4.8 ಓಮ್. ಸ್ಟಾರ್ಟರ್‌ವರೆಗೆ 450 ಮೀಟರ್ ಉದ್ದಕ್ಕೆ, ಹೋಗಿ ಬರೋದು ಸೇರಿ, 4.3ರ ಸುತ್ತ ಇರಬೇಕಿತ್ತು.

ಮಿಕ್ಕ ಅರ್ಧ ಓಮ್ ಎಲ್ಲಿ? ಕರೆಂಟ್ ಹರೀತಿರುವಾಗಲೇ ಒಂದೊಂದು ಜಾಯಿಂಟ್‌ನ ಎರಡೂ ಬದಿ ಸೂಜಿ ಚುಚ್ಚಿ ವೋಲ್ಟ್ ನೋಡಿದೆ. ಎರಡು ಕಡೆ 0.4 ವೋಲ್ಟ್ ನಿಂತಿತ್ತು, ಅಂದರೆ ಒಂದೊಂದೂ ಕಾಲು ಓಮ್‌ಗೆ ಸ್ವಲ್ಪ ಕಡಿಮೆ. ಮೋಟಾರ್‌ನ 18 ಆಂಪ್ಸ್ ಅದೇ ಜಾಯಿಂಟ್‌ನಲ್ಲಿ ಹೋದರೆ 75 ವಾಟ್ ಬಿಸಿ, ಅದೂ ನೀರಿನೊಳಗೆ. ಕೇಬಲ್‌ದು ಇನ್ನೂ ದೊಡ್ಡ ನಷ್ಟ. ಮೂರು ಕೋರ್‌ಗೂ ಸೇರಿ ಎರಡು ಕಿಲೋವಾಟ್ ಬಿಸಿಯಾಗೇ ಹೋಗ್ತಿತ್ತು! ಸ್ಟಾರ್ಟರ್ ಹತ್ತಿರ 380 ವೋಲ್ಟ್ ಇದ್ದರೆ ಮೋಟಾರ್‌ಗೆ 325 ಮುಟ್ಟೋದೂ ಕಷ್ಟ. ವೋಲ್ಟೇಜ್ ಬಿದ್ದಷ್ಟೂ ಮೋಟಾರ್ ಹೆಚ್ಚು ಆಂಪ್ಸ್ ಎಳೀತದೆ, ವೈಂಡಿಂಗ್ ಸಾಯ್ತದೆ.

10 ಸ್ಕ್ವೇರ್ ಹಾಕಿ ಅಂದೆ. ಬೆಲೆ ಎರಡು ಪಟ್ಟಿಗೂ ಮೇಲೆ, ಯಜಮಾನರು ಒಪ್ಪಲೇ ಇಲ್ಲ. ಎರಡು ಸಲ ಎತ್ತಿ ಇಳಿಸಿ ಸುತ್ತಿಸೋ ದುಡ್ಡು ಬರೆದು ತೋರಿಸಿದ ಮೇಲೆ ಒಪ್ಪಿದರು. ಈಗ ಬೀಳೋದು 22 ವೋಲ್ಟ್ ಅಷ್ಟೆ. ಆ ಮೋಟಾರ್ ಎರಡು ಬೇಸಿಗೆ ದಾಟಿದೆ, ನನ್ನ ಅಂಗಡಿ ಮುಖ ನೋಡಿಲ್ಲ. ನಕ್ಕವರೇ ಈಗ ಕೇಬಲ್ ಅಳೆಯೋಕೆ ನನ್ನನ್ನ ಕರೀತಾರೆ. ಜಾಯಿಂಟ್ ಹೇಗೆ ಬೆಸೀತೀನಿ, ಮೇಲೆ ಏನು ಸುತ್ತುತೀನಿ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ.

ಇದೇ ಬ್ಯಾಟರಿ ಇಟ್ಟುಕೊಂಡು ಅಂಗಡಿ ತೊಟ್ಟಿಯಲ್ಲಿ ಇನ್ನೊಂದು ನೋಡಿದೆ. ತಾಮ್ರ ಒಂದು ಡಿಗ್ರಿ ಬಿಸಿಯಾದರೆ ಅದರ ಓಮ್ ನೂರಕ್ಕೆ 0.4ರಷ್ಟು ಏರ್ತದೆ. ತಣ್ಣಗಿದ್ದಾಗ 2.0 ಇದ್ದ ವೈಂಡಿಂಗ್, ಓಡಿಸಿ ನಿಲ್ಲಿಸಿದ ತಕ್ಷಣ 2.3 ತೋರಿಸಿದರೆ ಒಳಗೆ 38 ಡಿಗ್ರಿ ಏರಿದೆ ಅಂತ. ಈ ವೈಂಡಿಂಗ್‌ನ ಪಿವಿಸಿ ಹೊದಿಕೆಯ ವೈರ್ 70 ಡಿಗ್ರಿ ದಾಟಬಾರದು. ಹಾಗಾಗಿ ನೀರೇ 30 ಇರೋ ಕಡೆ 2.3 ಬಂದ ಮೋಟಾರ್‌ನ ನಾನು ಬೋರ್‌ಗೆ ಬಿಡಲ್ಲ, ಬಿಚ್ಚಿ ಬೇರಿಂಗ್ ನೋಡ್ತೀನಿ.